ತಲೆಕೆಳಗಾದ ಬೇಡಿಕೆ ರೇಖೆ

ಈ ವರ್ಷ ನನ್ನ ಅಕ್ಕನ ಮಗಳಿಗೆ ಕುಣಿಗಲ್ಲಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತು. ಸೇರುವ ಹಿಂದಿನ ಭಾನುವಾರ ಸದಾಶಿವನಗರದ ನಮ್ಮ ಮನೆಗೆ ಬಂದು, "ಚಿಕ್ಕಮ್ಮ, ಎರಡು ಸೆಕ್ಷನ್ ಸೇರಿಸಿ ಒಂದೇ ಕ್ಲಾಸ್ ಮಾಡಿದಾರಂತೆ. ಹೇಗೆ ಸಂಭಾಳಿಸ್ಲೋ ಗೊತ್ತಾಗ್ತಿಲ್ಲ. ನಿಮ್ಗೆ ಮೊದಲ್ನೇ ಕ್ಲಾಸು ಹೇಗಿತ್ತು?" ಎಂದು ಕೇಳಿದಳು. ಏನೋ ಧೈರ್ಯ ಹೇಳಿ, ಕಾಫಿ ಕೊಟ್ಟು ಕಳಿಸಿದೆ. ಅವಳು ಹೋದ ಮೇಲೆ ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲವಲ್ಲ ಎನ್ನಿಸಿತು. ಆ ಉತ್ತರವನ್ನು ಇಲ್ಲಿ ಬರೆದಿದ್ದೇನೆ. ಅವಳ ಹಾಗೆ ಹೊಸದಾಗಿ ಈ ಕೆಲಸಕ್ಕೆ ಬರುವವರು ಓದಿಕೊಳ್ಳಬಹುದು. ನಾನು ಯಾವಾಗ ಖಾಯಂ ಆದೆ, ಯಾವಾಗ ವಿಭಾಗದ ಮುಖ್ಯಸ್ಥೆಯಾದೆ ಎಂಬುದರಿಂದ ಅವರಿಗೆ ಆಗಬೇಕಾದ್ದೇನೂ ಇಲ್ಲ. ಅದನ್ನೆಲ್ಲ ಬಿಟ್ಟಿದ್ದೇನೆ.

ನಾನು ಆಗ ಅರ್ಥಶಾಸ್ತ್ರದಲ್ಲಿ ಎಂ.ಎ. ಎರಡನೇ ವರ್ಷದಲ್ಲಿದ್ದೆ. ನಮ್ಮದು ಕುಣಿಗಲ್ ಕಡೆಯ ಹಳ್ಳಿ. ಓದಿಗಾಗಿ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದೆ. ನಗರದ ಒಂದು ಪದವಿ ಕಾಲೇಜಿನ ಅರ್ಥಶಾಸ್ತ್ರದ ಮೇಡಂ ಹೆರಿಗೆ ರಜೆಯ ಮೇಲೆ ಹೋದರು. ಆ ಕಾಲೇಜಿನವರು ನಮ್ಮ ಪ್ರೊಫೆಸರನ್ನು ಕೇಳಿದರು, ಪ್ರೊಫೆಸರು ನನ್ನ ಕಡೆ ನೋಡಿದರು. "ವಸಂತಾ, ನಿಂಗೆ ಬೆಳಿಗ್ಗೆ ಕ್ಲಾಸಿಲ್ವಲ್ಲ. ನಾಳೆಯಿಂದ ಹೋಗು. ಬೇಡಿಕೆ, ಪೂರೈಕೆ, ಅಷ್ಟೇ. ನಿಂಗೆ ಗೊತ್ತಿರೋದೇ," ಎಂದರು. ನನಗೆ ಗೊತ್ತಿದ್ದದ್ದು ನಿಜ. ಗೊತ್ತಿರುವುದನ್ನು ಇನ್ನೊಬ್ಬರಿಗೆ ಗೊತ್ತಾಗುವಂತೆ ಮಾಡುವುದು ಬೇರೆಯೇ ಕೆಲಸ ಎಂದು ನನಗೆ ಯಾರೂ ಹೇಳಿರಲಿಲ್ಲ.

ತರಗತಿ ಅಂದರೆ ಅದು ಕೋಣೆಯಲ್ಲ. ಹಿಂದೆ ಸಭೆ ಸಮಾರಂಭಗಳಿಗೆ ಇದ್ದ ಉದ್ದನೆಯ ಹಾಲು. ನಡುವೆ ಎರಡು ಸಾಲು ಕಂಬ. ಒಂದು ತುದಿಯಲ್ಲಿ ಗೋಡೆಗೆ ಬೋರ್ಡು, ಇನ್ನೊಂದು ತುದಿಯಲ್ಲಿ ರಸ್ತೆಗೆ ತೆರೆದ ಕಿಟಕಿಗಳು. ನಡುವೆ ನೂರೈವತ್ತಕ್ಕೂ ಹೆಚ್ಚು ಬಿ.ಎ. ಮೊದಲ ವರ್ಷದ ಹುಡುಗ ಹುಡುಗಿಯರು. ಬಾಗಿಲಲ್ಲಿ ನಾನು ಕಾಣಿಸಿಕೊಂಡಾಗ ಅರ್ಧದಷ್ಟು ಜನ ಎದ್ದು ನಿಂತರು. ಉಳಿದವರು ನನ್ನನ್ನು ತಡವಾಗಿ ಬಂದ ಹುಡುಗಿ ಎಂದುಕೊಂಡು ಸರಿದು ಜಾಗ ಕೊಟ್ಟರು.

ಒಂದು ವಾರಕ್ಕೆ ಆಗುವಷ್ಟು ತಯಾರಿ ಮಾಡಿಕೊಂಡು ಹೋಗಿದ್ದೆ. ಇಂಗ್ಲಿಷಿನಲ್ಲಿ ಶುರು ಮಾಡಿದೆ. ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲವೇನೋ ಎಂಬ ಭಯದಲ್ಲಿ ನಿಲ್ಲಿಸಲೇ ಇಲ್ಲ. ವಾರದ ಪಾಠ ಅರ್ಧ ಗಂಟೆಯೊಳಗೇ ಮುಗಿದುಹೋಯಿತು. ಬೆಲ್ಲು ಹೊಡೆಯಲು ಇನ್ನೂ ಬಹಳ ಹೊತ್ತಿತ್ತು. ಸೀಮೆಸುಣ್ಣ ಹಿಡಿದುಕೊಂಡು ಸುಮ್ಮನೆ ನಿಂತೆ. ಆಗ ನಡುವಿನ ಸಾಲಿನಿಂದ ಒಬ್ಬ ಹುಡುಗ ಎದ್ದು, ತಮಾಷೆಗೋ ನಿಜಕ್ಕೋ ತಿಳಿಯದ ದನಿಯಲ್ಲಿ ಕೇಳಿದ: "ಮೇಡಂ, ನೀವು ಲೆಕ್ಚರರ್ರಾ, ಸ್ಟೂಡೆಂಟಾ?"

ಹಾಲು ತುಂಬ ನಗು. ಗದರಬೇಕು ಎಂದು ಗೊತ್ತಿತ್ತು, ಗದರಲು ಬರಲಿಲ್ಲ. "ಎರಡೂನೂ," ಎಂದೆ. "ಮಧ್ಯಾಹ್ನ ನಾನೂ ನಿಮ್ಮ ಥರಾನೇ ಬೆಂಚಲ್ಲಿ ಕೂತಿರ್ತೀನಿ." ನಗು ಮತ್ತೆ ಬಂತು, ಆದರೆ ಈ ಸಲ ಅದರಲ್ಲಿ ಚುಚ್ಚು ಇರಲಿಲ್ಲ. ಆ ಹುಡುಗ ಕೂತುಕೊಂಡ. ಆ ಒಂದು ಮಾತು ನನ್ನನ್ನು ಅವತ್ತು ಉಳಿಸಿತು. ಪಾಠವನ್ನು ಮಾತ್ರ ಉಳಿಸಲಿಲ್ಲ.

ಹೊರಗೆ ಬಂದರೆ ವರಾಂಡದಲ್ಲಿ ವಿಭಾಗದ ಮುಖ್ಯಸ್ಥರು ಶಿವರುದ್ರಯ್ಯ ನಿಂತಿದ್ದರು. ಬಿಳಿ ಅಂಗಿ, ಇಸ್ತ್ರಿ ಮಾಡಿದ ಪ್ಯಾಂಟು, ಕೈಯಲ್ಲಿ ಮಡಿಸಿದ ಕೊಡೆ. ಇಡೀ ಕಾಲೇಜು ಅವರಿಗೆ ಹೆದರುತ್ತಿತ್ತು. ನನ್ನ ಪಾಠವನ್ನು ಬಾಗಿಲ ಪಕ್ಕ ನಿಂತು ಪೂರ್ತಿ ಕೇಳಿದ್ದರು.

"ಯಾರಿಗಮ್ಮಾ ಮಾಡಿದ್ದು ಪಾಠ?" ಎಂದರು.

"ಕ್ಲಾಸಿಗೆ ಸಾರ್."

"ಗುಬ್ಬಿಯಿಂದ ಬರ್ತಾರೆ, ಬೆಳ್ಳಾವಿಯಿಂದ ಬರ್ತಾರೆ. ಕನ್ನಡದಲ್ಲಿ ಓದಿ ಬಂದೋರು. ನಿಮ್ಮನೇಲಿ ತೆಂಗಿನಕಾಯಿ ರೇಟಿನ ವಿಷ್ಯ ಇಂಗ್ಲಿಷಲ್ಲಿ ಮಾತಾಡ್ತೀರಾ?"

"ಇಲ್ಲ ಸಾರ್."

"ಹಂಗೇ ಮಾತಾಡು ಇಲ್ಲೂ. ಆಮೇಲೆ, ಗಲಾಟೆ ಮಾಡಿದ್ರೆ ದನಿ ಏರಿಸ್ಬೇಡ, ಇಳಿಸು. ಏನ್ ಹೇಳ್ತಿದಾಳೆ ಅಂತ ಅವರೇ ಸುಮ್ನಾಗ್ತಾರೆ." ಇಷ್ಟು ಹೇಳಿ ಕೊಡೆ ಊರಿಕೊಂಡು ಹೋದರು. ಬಿ.ಎಡ್. ಮಾಡದ ನನಗೆ ಸಿಕ್ಕ ತರಬೇತಿ ಅಷ್ಟೇ.

ಮಾರನೆಯ ದಿನದಿಂದ ಕನ್ನಡದಲ್ಲಿ ಮಾಡಿದೆ. ಬೇಡಿಕೆಯ ನಿಯಮಕ್ಕೆ ಗುಬ್ಬಿ ಸಂತೆಯ ತೆಂಗಿನಕಾಯಿ ತಂದೆ. ಬೆಲೆ ಇಳಿದರೆ ಕೊಳ್ಳುವವರು ಯಾಕೆ ಹೆಚ್ಚುತ್ತಾರೆ ಎಂದು ಅವರಿಂದಲೇ ಹೇಳಿಸಿದೆ. ಬೋರ್ಡಿನ ಮೇಲೆ ಗ್ರಾಫ್ ಎಳೆದು, "ನಿಂತ ಗೆರೆ ಬೆಲೆ, ಮಲಗಿದ ಗೆರೆ ಪ್ರಮಾಣ" ಎಂದೆ. ಆ ಮಾತು ಹುಡುಗರ ಬಾಯಲ್ಲಿ ನಿಂತಿತು. ನಾನು ಹಾಲಿನೊಳಗೆ ಕಾಲಿಟ್ಟರೆ ಯಾರಾದರೊಬ್ಬ "ಮಲಗಿದ ಗೆರೆ ಎದ್ದಿಲ್ಲ ಮೇಡಂ" ಎಂದು ನಿದ್ದೆ ಮಾಡುತ್ತಿದ್ದ ಪಕ್ಕದವನನ್ನು ತೋರಿಸುವುದು, ಎಲ್ಲರೂ ನಗುವುದು.

ತಪ್ಪುಗಳು ಕಡಿಮೆಯಾಗಿರಲಿಲ್ಲ. ಹಾಜರಿ ಕರೆಯುವುದರಲ್ಲೇ ಕಾಲು ಭಾಗ ಸಮಯ ಹೋಗುತ್ತಿತ್ತು. ಒಂದು ದಿನ ಒಬ್ಬನ ಹೆಸರು ಕೂಗಿದರೆ ಮೂರು ಮೂಲೆಯಿಂದ "ಎಸ್ ಮೇಡಂ" ಬಂತು. ಅವನು ಮಾತ್ರ ಬಂದಿರಲಿಲ್ಲ. ಪ್ರತಿ ಐದು ನಿಮಿಷಕ್ಕೆ "ಅರ್ಥ ಆಯ್ತಾ?" ಎಂದು ಕೇಳುವ ಅಭ್ಯಾಸ ನನಗೆ. "ಆಯ್ತು ಮೇಡಂ" ಎಂದು ಇಡೀ ಹಾಲು ಒಂದೇ ದನಿಯಲ್ಲಿ ಹೇಳುತ್ತಿತ್ತು. ನನಗೆ ಖುಷಿಯಾಗುತ್ತಿತ್ತು. ಅರ್ಥವಾಗದವರು ಅಷ್ಟು ಜನರ ಮಧ್ಯೆ ಎದ್ದು ನಿಂತು ಆಗಲಿಲ್ಲ ಎಂದು ಹೇಳುವುದಿಲ್ಲ ಎಂಬುದು ತಿಳಿಯಲು ಬಹಳ ದಿನ ಬೇಕಾಯಿತು. ಇವತ್ತಿಗೂ ಹೊಸಬರಿಗೆ ನಾನು ಹೇಳುವುದು ಇದನ್ನೇ: ಆ ಪ್ರಶ್ನೆ ಕೇಳಬೇಡಿ. ಬೇರೆ ಏನಾದರೂ ಕೇಳಿ.

ಟೆಸ್ಟು ಬಂತು. ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆದೆ. ಹುಡುಗರು ಎಂದಿನ ಜಾಗದಲ್ಲೇ ಕೂತು ಬರೆದರು. ಶಿವರುದ್ರಯ್ಯನವರು ಒಂದು ಸುತ್ತು ಬಂದು, ಕೊನೆಯ ಬೆಂಚಿನ ಹತ್ತಿರ ಸ್ವಲ್ಪ ಹೊತ್ತು ನಿಂತು, ಹೋದರು. ಮರುದಿನ ನನ್ನನ್ನು ಕರೆಸಿ ಎರಡು ಉತ್ತರ ಪತ್ರಿಕೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು.

"ಓದು. ಒಂದು ಪದ ವ್ಯತ್ಯಾಸ ಇದ್ರೆ ಹೇಳು."

ಇರಲಿಲ್ಲ. ಗುಬ್ಬಿಯಿಂದ ದಿನಾ ಬರುತ್ತಿದ್ದ ರೇಣುಕಾ, ಗೌರಿ ಎಂಬ ಇಬ್ಬರು ಹುಡುಗಿಯರವು. ವಾಕ್ಯಕ್ಕೆ ವಾಕ್ಯ ಒಂದೇ.

"ನಾನು ಹೋದಾಗ ಇಬ್ರೂ ಪಿಸುಗುಟ್ತಾ ಇದ್ರು," ಎಂದರು ಸಾರ್. "ಇಬ್ರ ತಂದೇರನ್ನೂ ಕರೆಸ್ಬೇಕು. ಪರೀಕ್ಷೆಗೆ ಹಾಲ್ ಟಿಕೆಟ್ ಕೊಡಲ್ಲ. ಇಷ್ಟು ದೊಡ್ಡ ಕ್ಲಾಸಲ್ಲಿ ಒಂದ್ಸಲ ಬಿಟ್ರೆ ಮುಂದಿನ ಟೆಸ್ಟಿಗೆ ಎಲ್ರೂ ಶುರು ಮಾಡ್ಕೋತಾರೆ."

ಅವರು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಆದರೆ ಪತ್ರಿಕೆಗಳನ್ನು ಹಿಂದಿರುಗಿಸುವಾಗ ಗೌರಿ ಎಳೆದಿದ್ದ ಗ್ರಾಫಿನ ಮೇಲೆ ಕಣ್ಣು ಬಿತ್ತು. ರೇಣುಕಾಳ ಗ್ರಾಫು ನಾನು ಬೋರ್ಡಿನ ಮೇಲೆ ಎಳೆದಂತೆಯೇ ಇತ್ತು. ಗೌರಿಯದು ತಲೆಕೆಳಗು. ನಿಂತ ಗೆರೆ ಪುಟದ ಬಲಗಡೆ, ಮಲಗಿದ ಗೆರೆ ಮೇಲ್ಗಡೆ. ಎರಡೂ ಕೂಡುವ ಮೂಲೆ ಕೆಳಗೆ ಎಡಕ್ಕಿರಬೇಕಾದ್ದು ಮೇಲೆ ಬಲಕ್ಕೆ. ಗೆರೆಗಳು ದಪ್ಪ, ಹೆಸರು ಬರೆದದ್ದು ಸರಿ, ರೇಖೆಯ ಬಾಗು ಸರಿ. ಬರೀ ತಿರುವುಮುರುವು.

"ಸಾರ್, ನೋಡಿ ಬರೆದಿದ್ರೆ ಚಿತ್ರ ಯಾಕೆ ಹೀಗಾಗುತ್ತೆ?"

"ಗಡಿಬಿಡೀಲಿ ಪೇಪರ್ ತಿರುಗಿಸಿ ನೋಡಿರ್ತಾಳೆ. ನಾಡಿದ್ದು ಸೋಮವಾರ ಇಬ್ರನ್ನೂ ನನ್ನ ರೂಮಿಗೆ ಕರ್ಕೊಂಡು ಬಾ."

ಒಂದೇ ಬೆಂಚಿನಲ್ಲಿ ಪಕ್ಕಪಕ್ಕ ಕೂತವರಿಗೆ ಪಕ್ಕದವರ ಹಾಳೆ ತಲೆಕೆಳಗಾಗಿ ಕಾಣಲು ಸಾಧ್ಯವಿಲ್ಲ. ಅದು ನನ್ನ ತಲೆಯಲ್ಲಿ ಕೊರೆಯತೊಡಗಿತು. ಮಧ್ಯಾಹ್ನ ಇಬ್ಬರನ್ನೂ ಕರೆದು ಕೇಳಿದೆ. ರೇಣುಕಾ ಚುರುಕಿನ ಹುಡುಗಿ, ಗುಬ್ಬಿಯ ಟೈಲರ್ ಒಬ್ಬರ ಮಗಳು. ಅವಳೇ ಮಾತಾಡಿದಳು.

"ಕಾಪಿ ಹೊಡ್ದಿಲ್ಲ ಮೇಡಂ. ನಾವು ಜೊತೇಲಿ ಓದ್ತೀವಿ. ನಾನು ಜೋರಾಗಿ ಓದ್ತೀನಿ, ಇವ್ಳು ಕೇಳಿಸ್ಕೋತಾಳೆ. ಅದೇ ಬಾಯಿಗೆ ಬಂದಿರುತ್ತೆ."

"ಎಲ್ಲಿ ಓದ್ತೀರಿ?"

"ರೈಲಲ್ಲಿ. ಬರ್ತಾ ಒಂದು, ಹೋಗ್ತಾ ಒಂದು."

"ಟೆಸ್ಟಲ್ಲಿ ಪಿಸುಗುಟ್ತಿದ್ದಿದ್ದು ಏನು?"

ರೇಣುಕಾ ಗೌರಿಯ ಕಡೆ ನೋಡಿದಳು. ಗೌರಿ ನೆಲದ ಕಡೆ ನೋಡುತ್ತಿದ್ದಳು. ಉದ್ದ ಜಡೆ, ಎತ್ತರದ ಮೈಕಟ್ಟು. ಇಷ್ಟು ವಾರಗಳಲ್ಲಿ ಅವಳ ಮುಖವನ್ನು ನಾನು ಹತ್ತಿರದಿಂದ ನೋಡಿದ್ದು ಅವತ್ತೇ.

ಸಂಜೆ ನನ್ನ ಎಂ.ಎ. ತರಗತಿ ಮುಗಿದ ಮೇಲೆ ಶೆಟ್ಟಿಹಳ್ಳಿಗೆ ಹೋಗುವ ಬದಲು ಸ್ಟೇಷನ್ನಿಗೆ ಹೋದೆ. ಗುಬ್ಬಿಗೆ ಟಿಕೆಟ್ ತೆಗೆದುಕೊಂಡು ಪ್ಯಾಸೆಂಜರ್ ರೈಲು ಹತ್ತಿದೆ. ಅವರ ಮೇಲೆ ಕಣ್ಣಿಡಲು ಹೋದದ್ದಲ್ಲ. ಕಾಲೇಜಿನಲ್ಲಿ ಹೇಳದ್ದನ್ನು ಬೇರೆ ಕಡೆ ಹೇಳಿಯಾರು ಎಂದುಕೊಂಡಿದ್ದೆ. ಮೂರನೆಯ ಡಬ್ಬಿಯಲ್ಲಿ ಸಿಕ್ಕರು. ಎದುರುಬದುರು ಸೀಟಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಿದ್ದರು. ರೇಣುಕಾ ನೋಟ್ಸು ತೊಡೆಯ ಮೇಲಿಟ್ಟುಕೊಂಡು ಓದುತ್ತಿದ್ದಳು. ಗೌರಿ ಬಲಗೈಯನ್ನು ಅಂಗೈ ಮೇಲಾಗಿ ಮುಂದೆ ಚಾಚಿದ್ದಳು. ಓದುತ್ತಾ ಓದುತ್ತಾ ರೇಣುಕಾ ಅವಳ ಅಂಗೈ ಮೇಲೆ ಬೆರಳಿನಿಂದ ಗೆರೆ ಎಳೆದಳು: "ಇದು ನಿಂತ ಗೆರೆ... ಇದು ಮಲಗಿದ ಗೆರೆ... ಪೂರೈಕೆ ರೇಖೆ ಇಲ್ಲಿಂದ ಹಿಂಗೆ ಮೇಲಕ್ಕೆ ಹೋಗುತ್ತೆ ಕಣೇ."

ನಾನು ಸೀಟಿನ ಕಂಬಿ ಹಿಡಿದು ನಿಂತೇ ಇದ್ದೆ. ಎದುರಿಗೆ ಕೂತವಳು ತನಗೆ ನೇರವಾಗಿ ಎಳೆದದ್ದು ಅಂಗೈಯ ಒಡತಿಗೆ ತಲೆಕೆಳಗು.

ರೇಣುಕಾ ನನ್ನನ್ನು ಕಂಡು ಎದ್ದಳು. "ಮೇಡಂ," ಎಂದಳು. ಗೌರಿ ನಾನು ನಿಂತಿದ್ದ ಕಡೆಗೆ ಅಂದಾಜಿನ ಮೇಲೆ ಮುಖ ತಿರುಗಿಸಿದಳು. ಅವಳ ನೋಟ ನನ್ನ ಭುಜದ ಪಕ್ಕದಲ್ಲಿ ಎಲ್ಲೋ ನಿಂತಿತು. ಆಗ ಅರ್ಥವಾಯಿತು.

ನಾನು ಗೌರಿಯ ಪಕ್ಕ ಕೂತೆ. "ಎಷ್ಟು ಕಾಣುತ್ತಮ್ಮಾ?" ಎಂದೆ.

ಅವಳು ಚಾಚಿದ್ದ ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ಯಾರದೋ ವಿಷಯ ಹೇಳುವಂತೆ ಹೇಳಿದಳು. "ಹೈಸ್ಕೂಲಿಂದ ಕಮ್ಮಿ ಆಗ್ತಾ ಬಂತು ಮೇಡಂ. ಪುಸ್ತಕದ ಅಕ್ಷರ ಮೂಗಿನ ಹತ್ರ ಹಿಡಿದ್ರೆ ಓದ್ತೀನಿ. ಸಣ್ಣ ಗೆರೆ ಕಾಣಲ್ಲ. ಬೋರ್ಡಂತೂ ಬರೀ ಕಪ್ಪು. ಕಾಲೇಜಿಗೆ ಕಣ್ಣಿನ ಕ್ಯಾಂಪ್ ಬಂದಿತ್ತಲ್ಲ, ಅಲ್ಲಿ ಡಾಕ್ಟ್ರು ಕನ್ನಡಕದಿಂದ ಸರಿಹೋಗಲ್ಲ ಅಂದ್ರು. ಟೆಸ್ಟಿನ ಪ್ರಶ್ನೆ ಬೋರ್ಡ್ ಮೇಲಿತ್ತು. ರೇಣುಕಾ ಓದಿ ಹೇಳಿದ್ಳು. ಅಷ್ಟೇ."

"ಮುಂದಿನ ಬೆಂಚಲ್ಲಿ ಯಾಕೆ ಕೂರಲ್ಲ?"

"ರೈಲು ಬರೋ ಹೊತ್ತಿಗೆ ಮುಂದಿನ ಬೆಂಚೆಲ್ಲ ತುಂಬಿರ್ತಾವೆ. ಜಾಗ ಕೊಡಿ ಅಂದ್ರೆ ಯಾಕೆ ಅಂತ ಕೇಳ್ತಾರೆ."

"ಮನೇಲಿ ಗೊತ್ತಾ?"

ಮೊದಲ ಸಲ ಅವಳ ದನಿ ಬದಲಾಯಿತು. "ಗೊತ್ತಿಲ್ಲ ಮೇಡಂ. ಹೇಳ್ಬೇಡಿ. ಗೊತ್ತಾದ್ರೆ ಕಾಲೇಜು ಬಿಡಿಸ್ತಾರೆ. ರೈಲು, ರಸ್ತೆ ದಾಟೋದು, ಹೆದರ್ಕೋತಾರೆ. ಮನೇಲಿ ನಾನು ಎಲ್ಲಾ ಕೆಲ್ಸ ಮಾಡ್ತೀನಿ. ಯಾರಿಗೂ ಗೊತ್ತಾಗದಂಗೆ ಇದೀನಿ."

ಸಾರ್ ಇಬ್ಬರ ತಂದೆಯರನ್ನೂ ಕರೆಸಲಿದ್ದಾರೆ ಎಂದು ನಾನು ಹೇಳಲೇಬೇಕಾಯಿತು. ಕಾಪಿ ಹೊಡೆದಿಲ್ಲ ಎಂದು ತೋರಿಸಬೇಕಾದರೆ ಕಣ್ಣಿನ ವಿಷಯ ಹೇಳಬೇಕು. ಹೇಳದಿದ್ದರೆ ರೇಣುಕಾಳಿಗೂ ಹಾಲ್ ಟಿಕೆಟ್ ಇಲ್ಲ. ರೇಣುಕಾ ತಕ್ಷಣ, "ನಾನೇ ಕಾಪಿ ಹೊಡ್ದೆ ಅಂತ ಹೇಳ್ಬಿಡ್ತೀನಿ ಮೇಡಂ. ಒಬ್ಳಿಗಾದ್ರೂ ಉಳಿಯುತ್ತೆ," ಎಂದಳು.

"ಸುಮ್ನಿರೇ," ಎಂದಳು ಗೌರಿ.

ಇಳಿಯುವ ಮುಂಚೆ ಗೌರಿ ನನ್ನ ಕಡೆ ತಿರುಗಿ, "ಒಂದ್ಸಲ ಹತ್ರದಿಂದ ನೋಡ್ಲಾ ಮೇಡಂ? ನಿಮ್ಮ ಮುಖ ನಾನು ನೋಡೇ ಇಲ್ಲ," ಎಂದಳು. ನಾನು ಹೂಂ ಎಂದೆ. ತನ್ನ ಮುಖವನ್ನು ನನ್ನ ಮುಖದ ತೀರಾ ಹತ್ತಿರ ತಂದು, ಬಲಕ್ಕೊಮ್ಮೆ ಎಡಕ್ಕೊಮ್ಮೆ ತಲೆ ಓರೆ ಮಾಡಿ ನೋಡಿದಳು. "ಅಯ್ಯೋ, ನೀವು ಇಷ್ಟು ಚಿಕ್ಕವರಾ?" ಎಂದಳು. "ದನಿ ಕೇಳಿ ನಮ್ಮಮ್ಮನಷ್ಟು ವಯಸ್ಸಿನವರು ಅಂದ್ಕೊಂಡಿದ್ದೆ." ರೇಣುಕಾ ನಕ್ಕಳು. ನನಗೂ ನಗು ಬಂತು. ವಾಪಸು ಬರುವ ರೈಲಿನಲ್ಲಿ ಒಬ್ಬಳೇ ಕೂತಾಗ ಮಾತ್ರ ನಗು ಬರಲಿಲ್ಲ. ಇಷ್ಟು ದಿನ ನಾನು ಎಷ್ಟು ಸಲ "ಇಲ್ಲಿ ನೋಡಿ, ಇಲ್ಲಿ ನೋಡಿ" ಎಂದು ಬೋರ್ಡಿಗೆ ಬೆರಳು ಬಡಿದಿದ್ದೆನೋ.

ಸೋಮವಾರ ಇಬ್ಬರನ್ನೂ ಕರೆದುಕೊಂಡು ಸಾರ್ ರೂಮಿಗೆ ಹೋದೆ. ಏನು ಹೇಳಬೇಕೆಂದು ಗೌರಿ ನನಗೆ ತಿಳಿಸಿರಲಿಲ್ಲ. ನಾನೂ ಕೇಳಿರಲಿಲ್ಲ. ಅದು ಅವಳು ತೀರ್ಮಾನ ಮಾಡಬೇಕಾದ ಮಾತು.

ಸಾರ್ ಬಾಯಿ ತೆರೆಯುವ ಮುಂಚೆಯೇ ಗೌರಿ ಹೇಳಿದಳು: "ಸಾರ್, ಹಾಲಿಗೆ ಬರ್ತೀರಾ? ಬೋರ್ಡ್ ಮೇಲೆ ಬರೆದು ತೋರಿಸ್ತೀನಿ. ರೇಣುಕಾ ಹೊರಗಿರ್ಲಿ."

ಆ ಹೊತ್ತಿನಲ್ಲಿ ಹಾಲು ಖಾಲಿಯಿತ್ತು. ಗೌರಿ ಗೋಡೆ ಸವರಿಕೊಂಡು ಬೋರ್ಡಿನ ಹತ್ತಿರ ಹೋದಳು. ಸೀಮೆಸುಣ್ಣ ಕೊಟ್ಟೆ. ಮೂಗು ಬೋರ್ಡಿಗೆ ತಾಗುವಷ್ಟು ಹತ್ತಿರ ನಿಂತು ಎಳೆಯತೊಡಗಿದಳು. ಎಳೆಯುತ್ತಲೇ ಟೆಸ್ಟಿನಲ್ಲಿ ಬರೆದಿದ್ದ ಉತ್ತರವನ್ನು ಬಾಯಲ್ಲಿ ಹೇಳಿದಳು. ಒಂದು ಪದವೂ ಬಿಡಲಿಲ್ಲ. ಸಾರ್ ಅದರ ಮಧ್ಯೆ ಮಧ್ಯೆ ಪ್ರಶ್ನೆ ಹಾಕಿದರು. ಬೆಲೆ ಇಷ್ಟಾದರೆ ಬೇಡಿಕೆ ಏನಾಗುತ್ತದೆ, ಆದಾಯ ಹೆಚ್ಚಿದರೆ ರೇಖೆ ಎತ್ತ ಸರಿಯುತ್ತದೆ. ಬಾಯಿಪಾಠದಲ್ಲಿ ಇಲ್ಲದ ಆ ಪ್ರಶ್ನೆಗಳಿಗೂ ಗೌರಿ ನಿಧಾನವಾಗಿ ಯೋಚಿಸಿ ಸರಿಯಾಗಿ ಹೇಳಿದಳು. ಅಷ್ಟರಲ್ಲಿ ಗ್ರಾಫ್ ಮುಗಿದಿತ್ತು. ಮೂಲೆ ಮೇಲೆ, ಬಲಗಡೆ.

"ಎಲ್ಲಾ ಸರಿಯಾಗಿ ಹೇಳ್ತೀಯ," ಎಂದರು ಸಾರ್. "ಗ್ರಾಫ್ ಯಾಕಮ್ಮ ತಲೆಕೆಳಗೆ ಬರೆದಿದೀಯ?"

ಗೌರಿ ತಿರುಗಿದಳು. "ಇದು ತಲೆಕೆಳಗಾ ಸಾರ್?"

ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ. ಬೆಂಚಿನ ಮೇಲೆ ಕೈಯೂರಿ ನಿಂತಿದ್ದ ಸಾರ್ ಅಲ್ಲೇ ಕೂತುಬಿಟ್ಟರು. ಆಮೇಲೆ ಎದ್ದು ಬಂದು, ಅವಳ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಇನ್ನೊಂದು ಕಡೆ ಏನೋ ಬರೆದರು.

"ಇದನ್ನ ಓದು."

"ಕಾಣಲ್ಲ ಸಾರ್. ಬರೆದ ಸದ್ದು ಕೇಳ್ತು."

ಅವರು ಬರೆದದ್ದು ಅವಳದೇ ಹೆಸರು.

ರೇಣುಕಾಳನ್ನು ಒಳಗೆ ಕರೆದೆವು. ಬೋರ್ಡು ನೋಡಿ, ತನ್ನ ಅಂಗೈ ನೋಡಿಕೊಂಡು, "ನಾನೇ ಕಣೇ ನಿಂಗೆ ಹಿಂಗೆ ಹೇಳ್ಕೊಟ್ಟಿದ್ದು," ಎಂದು ಅಳತೊಡಗಿದಳು. ಗೌರಿ ಅವಳನ್ನು ಸಮಾಧಾನ ಮಾಡಿದಳು. ಸಾರ್ ಡಸ್ಟರ್ ತೆಗೆದುಕೊಂಡು ತಾವು ಬರೆದದ್ದನ್ನು ಒರೆಸಿದರು. ಗೌರಿಯ ಗ್ರಾಫನ್ನು ಹಾಗೇ ಬಿಟ್ಟರು. ಹಾಲ್ ಟಿಕೆಟ್ಟಿನ ಮಾತು ಮತ್ತೆ ಬರಲಿಲ್ಲ.

ಮರುದಿನ ನನ್ನ ತರಗತಿಗೆ ಹುಡುಗರ ಜೊತೆ ಅವರೂ ಬಂದರು. ಹಾಲಿನ ಉದ್ದಕ್ಕೂ ನಡೆದು ಹೋಗಿ ಕೊನೆಯ ಬೆಂಚಿನಲ್ಲಿ ಕೂತರು. ಆ ಬೆಂಚಿನ ಹುಡುಗರು ಉಸಿರು ಬಿಗಿಹಿಡಿದು ಕೂತಿದ್ದರು. ಬೆಲ್ಲು ಹೊಡೆದ ಮೇಲೆ ಎಲ್ಲರೂ ಹೋಗುವ ತನಕ ಕಾದು ನನ್ನ ಹತ್ತಿರ ಬಂದರು.

"ಅಲ್ಲಿಂದ ನಂಗೂ ಕಾಣಲ್ಲ ಕಣಮ್ಮ," ಎಂದರು. "ಕಂಬ ಅಡ್ಡ ಬರುತ್ತೆ. ಬಿಸಿಲು ಬೋರ್ಡಿಗೆ ಹೊಡೆಯುತ್ತೆ. ನಿನ್ನ ಅಕ್ಷರ ಸಣ್ಣದು. ನನ್ನದು ಇನ್ನೂ ಸಣ್ಣದು. ಇಷ್ಟು ವರ್ಷ ಆ ಬೆಂಚಲ್ಲಿ ಒಂದ್ಸಲಾನೂ ಕೂತು ನೋಡಿರ್ಲಿಲ್ಲ."

ಅವತ್ತಿನಿಂದ ಬೋರ್ಡಿನ ಮೇಲೆ ಬರೆಯುವ ಪ್ರತಿಯೊಂದನ್ನೂ ಬರೆಯುತ್ತಲೇ ಬಾಯಲ್ಲಿ ಹೇಳುವುದನ್ನು ಕಲಿತೆ. "ಇಲ್ಲಿ", "ಇದು", "ಹೀಗೆ" ಎಂಬ ಮಾತುಗಳನ್ನು ಬಿಟ್ಟೆ. "ಎಡಗಡೆ ಮೇಲಿನಿಂದ ಬಲಗಡೆ ಕೆಳಕ್ಕೆ ಇಳಿಯುತ್ತದೆ" ಎಂದು ಪೂರ್ತಿ ಹೇಳಬೇಕು. ಹಾಗೆ ಹೇಳಲು ಹೊರಟಾಗ ನನಗೇ ಅರ್ಧಂಬರ್ಧ ತಿಳಿದಿದ್ದ ಎಷ್ಟೋ ಸಂಗತಿಗಳು ಸ್ಪಷ್ಟವಾದವು. ಹಿಂದಿನ ಬೆಂಚಿನವರ ಗಲಾಟೆಯೂ ಕಡಿಮೆಯಾಯಿತು. ಕಾಣದಿದ್ದವರು ಗೌರಿಯೊಬ್ಬಳೇ ಅಲ್ಲ. ಮುಂದೆ ಪ್ರೊಜೆಕ್ಟರ್ ಬಂತು, ಪರದೆ ಬಂತು, ಈಗ ಗೋಡೆಯಷ್ಟು ದೊಡ್ಡ ಟಿವಿಯಂಥದ್ದು ಬಂದಿದೆ. ಅವುಗಳ ಮೇಲೂ ಸಣ್ಣ ಅಕ್ಷರ ತುಂಬಿಸಿ "ಇಲ್ಲಿ ನೋಡಿ" ಎನ್ನುವ ಮೇಷ್ಟ್ರುಗಳನ್ನು ಕಂಡಿದ್ದೇನೆ.

ಒಂದು ಕೆಲಸ ಬಾಕಿ ಇತ್ತು. ವರ್ಷದ ಕೊನೆಯ ಪರೀಕ್ಷೆಯಲ್ಲಿ ಗೌರಿಗೆ ಬರೆಯುವ ಸಹಾಯಕರು ಬೇಕಾದರೆ ಡಾಕ್ಟರ ಸರ್ಟಿಫಿಕೇಟು ಬೇಕು, ಮನೆಯವರಿಗೆ ತಿಳಿಯದೆ ಅದು ಆಗುವಂತಿರಲಿಲ್ಲ. ಗೌರಿ ಕೆಲವು ದಿನ ಬೇಡವೆಂದಳು. ಕಡೆಗೆ, "ನೀವು ಬಂದು ಹೇಳಿ. ನನ್ನ ಬಾಯಲ್ಲಿ ಬರಲ್ಲ," ಎಂದಳು. ನಾನೊಬ್ಬಳೇ ಹೋಗುವುದೆಂದಿತ್ತು. ಭಾನುವಾರ ಸ್ಟೇಷನ್ನಿಗೆ ಬಂದರೆ ಶಿವರುದ್ರಯ್ಯನವರು ಕೊಡೆ ಹಿಡಿದು ಪ್ಲಾಟ್‌ಫಾರಂ ಮೇಲೆ ನಿಂತಿದ್ದರು. "ನಾನೂ ಬರ್ತೀನಿ. ತಂದೆಯನ್ನ ಕರೆಸ್ತೀನಿ ಅಂದೋನು ನಾನು," ಎಂದರು.

ಗೌರಿಯ ಮನೆ ಗುಬ್ಬಿಯ ಹೊರಗೆ, ಸಣ್ಣ ತೋಟದ ಪಕ್ಕ. ತಂದೆ ಗಂಗಣ್ಣ ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದವರು ಕೈ ತೊಳೆದುಕೊಂಡು ಬಂದರು. ತಾಯಿ ಜಯಮ್ಮ ಚಾಪೆ ಹಾಸಿ, ಎಳನೀರು ಕೊಟ್ಟು, ಬಾಗಿಲ ಪಕ್ಕ ನಿಂತರು. ಗೌರಿ ಒಳಗಿನ ಕೋಣೆಯಲ್ಲೇ ಉಳಿದಳು. ಸಾರ್ ಬಹಳ ದೂರದಿಂದ ಶುರು ಮಾಡಿದರು. ನಿಮ್ಮ ಮಗಳು ಬುದ್ಧಿವಂತೆ, ಕ್ಲಾಸಿನಲ್ಲಿ ಅವಳಷ್ಟು ಗಮನ ಕೊಡುವವರಿಲ್ಲ, ಕೆಲವು ಮಕ್ಕಳಿಗೆ ಕೆಲವು ತೊಂದರೆ ಇರುತ್ತದೆ, ಗಾಬರಿಯಾಗಬಾರದು. ಯಾರ ಮುಂದೆಯೂ ತಡವರಿಸದ ಮನುಷ್ಯ ಬೆವರು ಒರೆಸಿಕೊಳ್ಳುತ್ತಿದ್ದರು.

ಗಂಗಣ್ಣ ಪೂರ್ತಿ ಕೇಳಿಸಿಕೊಂಡರು. "ಕಣ್ಣಿನ ವಿಚಾರ ಅಲ್ವಾ ಸಾ?" ಎಂದರು.

ಸಾರ್ ನನ್ನ ಮುಖ ನೋಡಿದರು.

"ಗೊತ್ತು ಸಾ. ಹೈಸ್ಕೂಲಿನಾಗಿಂದ್ಲೂ ಗೊತ್ತು. ಹೆತ್ತೋರಿಗೆ ತಿಳೀದೆ ಇರ್ತದಾ?"

ಜಯಮ್ಮ ದನಿ ತಗ್ಗಿಸಿ ಹೇಳಿದರು. "ಚೊಂಬು ಇಟ್ಟ ಜಾಗದಾಗೇ ಇಡ್ತೀವಿ ಕಣಮ್ಮ, ಅವಳ ಕೈಗೆ ಸಿಗ್ಲಿ ಅಂತ. ಹೊಸಲತ್ರ ಏನೂ ಬುಡಾಕಿಲ್ಲ. ಆ ರೇಣುಕಾ ಜೊತೆ ಹೋಗ್ತಾಳೆ ಅಂತ ಧೈರ್ಯ. ನಮಗೆ ಗೊತ್ತು ಅಂತ ಅವಳಿಗೆ ಗೊತ್ತಾದ್ರೆ, ಅಪ್ಪ ಅಮ್ಮಂಗೆ ತೊಂದ್ರೆ ಆಯ್ತದೆ ಅಂತ ಕಾಲೇಜು ಬುಟ್ಟುಬುಡ್ತಾಳೆ. ಅದಕ್ಕೇ ಸುಮ್ಕಿದ್ವಿ."

ಗೌರಿ ಯಾವಾಗಲೋ ಬಾಗಿಲಿಗೆ ಬಂದು ನಿಂತಿದ್ದಳು. ಚೌಕಟ್ಟು ಹಿಡಿದುಕೊಂಡು ಕೇಳಿದಳು: "ಅಪ್ಪಾ, ಹಿತ್ತಲ ಕಡೆ ಲೈಟು... ದಿನಾ ರಾತ್ರಿ ಹಂಗೇ ಉರೀತಿರ್ತಿತ್ತಲ್ಲ. ಅದು ನಂಗೋಸ್ಕರನಾ?"

"ಹೂಂ ಕಣವ್ವ."

"ಯಾರೋ ಮರೆತವ್ರೆ ಅಂತ ನಾನು ದಿನಾ ಆರಿಸ್ತಿದ್ದೆ."

"ಗೊತ್ತು," ಎಂದರು ಗಂಗಣ್ಣ. "ನೀನು ಆರಿಸಿ ಮಲಗ್ತಿದ್ದೆ. ನಾನು ಎದ್ದು ಹಾಕ್ತಿದ್ದೆ."

ಮೊದಲು ನಕ್ಕದ್ದು ಗೌರಿ. ಆಮೇಲೆ ಜಯಮ್ಮ ನಕ್ಕರು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಸಾರ್ ಎಳನೀರಿನ ಲೋಟವನ್ನು ಎತ್ತಿ ಕುಡಿಯಲು ಹೋಗಿ, ಅದು ಆಗಲೇ ಖಾಲಿಯಾಗಿದ್ದನ್ನು ನೋಡಿ ಕೆಳಗಿಟ್ಟರು. ಗಂಗಣ್ಣ ಸರ್ಟಿಫಿಕೇಟಿಗೆ ಯಾವ ಆಸ್ಪತ್ರೆಗೆ ಹೋಗಬೇಕು, ಯಾವ ದಿನ ಹೋಗಬೇಕು ಎಂದು ಕೇಳತೊಡಗಿದರು. ಆಮೇಲಿನ ಮಾತೆಲ್ಲ ಕೆಲಸದ ಮಾತು.

ಗೌರಿ ಬಿ.ಎ. ಮುಗಿಸಿದಳು. ಒಂದು ಬ್ಯಾಂಕಿನಲ್ಲಿ ಟೆಲಿಫೋನ್ ವಿಭಾಗದಲ್ಲಿ ಸೇರಿ, ಮೊನ್ನೆ ಮೊನ್ನೆಯವರೆಗೂ ಕೆಲಸದಲ್ಲಿದ್ದಳು. ರೇಣುಕಾ ಟೀಚರ್ ಆದಳು. ಹೆರಿಗೆ ರಜೆಯ ಮೇಡಂ ವಾಪಸು ಬಂದ ಮೇಲೆ ಆ ಕಾಲೇಜಿನಲ್ಲಿ ನನ್ನ ಕೆಲಸ ಮುಗಿಯಿತು. ಎಂ.ಎ. ಮುಗಿಸಿ ಬೇರೆ ಬೇರೆ ಊರುಗಳಲ್ಲಿ ಪಾಠ ಮಾಡಿದೆ.

ಗೌರಿಯ ಮನೆಯಿಂದ ಹಿಂದಿರುಗುವಾಗ ಅವತ್ತು ಗುಬ್ಬಿ ಸ್ಟೇಷನ್ನಿನಲ್ಲಿ ರೈಲು ತಡವಾಗಿತ್ತು. ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತಿದ್ದೆವು. ಸಾರ್ ಏನಾದರೂ ದೊಡ್ಡ ಮಾತು ಹೇಳುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅವರು ಕೊಡೆಯ ತುದಿಯಿಂದ ನೆಲದ ಮೇಲೆ ಚೌಕಗಳನ್ನು ಎಳೆಯುತ್ತಾ, ಅಳಿಸುತ್ತಾ ಕೂತಿದ್ದರು. ನೋಡಿದರೆ ಅದು ನಮ್ಮ ಹಾಲಿನ ನಕ್ಷೆ: ಎರಡು ಸಾಲು ಕಂ‍ಬ, ಕಿಟಕಿಗಳು, ಬೋರ್ಡು.

"ನಾಳೆ ಎಷ್ಟೊತ್ತಿಗೆ ನಿನ್ನ ಕ್ಲಾಸು?" ಎಂದರು.

"ಹನ್ನೊಂದಕ್ಕೆ ಸಾರ್."

"ಸ್ವಲ್ಪ ಬೇಗ ಬಾ. ಬೋರ್ಡನ್ನ ಉದ್ದನೇ ಗೋಡೆಗೆ ಹಾಕಿಸ್ತೀನಿ. ಬೆಂಚೆಲ್ಲ ತಿರುಗಿಸ್ಬೇಕು."